ಹಾರುವ ಮುನ್ನಿನ ಹದ

ಮದುವೆಯ ಚಪ್ಪರದ ಮೇಲೆಯೂ ಅಡಕೆಯ ತೋಟದ ಮೇಲೆಯೂ ಝೇಂಕರಿಸುತ್ತ ಸುಳಿದಾಡುವ ನಾಲ್ಕು ತೋಳಿನ ಡ್ರೋನನ್ನು ಕಂಡವರು ಅದನ್ನು ತೀರ ಈಚಿನ ಕಾಲದ ಸೃಷ್ಟಿಯೆಂದು ಭಾವಿಸುವುದು ಸಹಜವೇ ಆಗಿದ್ದರೂ, ಅಂಥದೊಂದು ಯಂತ್ರವನ್ನು ಬಿಡಿಭಾಗಗಳಿಂದ ಕೈಯಾರೆ ಜೋಡಿಸಿ, ಮೊತ್ತಮೊದಲು ನೆಲ ಬಿಡಿಸುವುದಕ್ಕೆ ಮುಂಚೆ ಜೋಡಿಸಿದಾತನು ಮೇಜಿನೆದುರು ಕುಳಿತು ನಡೆಸುವ ವಿಧಿಗಳನ್ನು ಸಾವಧಾನದಿಂದ ನೋಡಿದವರಿಗೆ, ಆ ವಿಧಿಗಳ ವಯಸ್ಸು ಯಂತ್ರದ ವಯಸ್ಸಿಗಿಂತ ಬಹಳ ದೊಡ್ಡದೆಂಬುದು ತಿಳಿಯದೆ ಇರದು. ರೆಕ್ಕೆಗಳನ್ನು ಕಳಚಿಡುವುದು, ಬ್ಯಾಟರಿಗೂ ಯಂತ್ರಕ್ಕೂ ನಡುವೆ ಒಂದು ಬಲ್ಬನ್ನು ಸೇರಿಸಿ ಮೊದಲ ವಿದ್ಯುತ್ತನ್ನು ಹರಿಸುವುದು, ಮೋಟಾರುಗಳು ತಿರುಗುವ ದಿಕ್ಕನ್ನು ಪರೀಕ್ಷಿಸುವುದು, ದಿಕ್ಸೂಚಿಗಾಗಿ ಯಂತ್ರವನ್ನು ಕೈಯಲ್ಲಿ ಹಿಡಿದು ಎಲ್ಲ ಮಗ್ಗುಲಿಗೂ ಸುತ್ತಿಸುವುದು, ಕಡೆಗೆ ಪಿ, ಐ, ಡಿ ಎಂಬ ಮೂರು ಅಂಕಿಗಳನ್ನು ಏರಿಸಿ ಇಳಿಸಿ ಹದಕ್ಕೆ ತರುವುದು, ಇವುಗಳಲ್ಲಿ ಆಕಾಶದಲ್ಲಿ ಹುಟ್ಟಿದವು ಕೆಲವೇ. ಉಳಿದವು ಹಡಗಿನ ಚುಕ್ಕಾಣಿಯ ಬಳಿಯಿಂದ, ಕಾರ್ಖಾನೆಯ ಕುದಿಪಾತ್ರೆಗಳ ಬಳಿಯಿಂದ, ರೇಡಿಯೋ ರಿಪೇರಿಯ ಅಂಗಡಿಯಿಂದ, ಮಕ್ಕಳ ಆಟಿಕೆಯ ಒಡಲಿನಿಂದ ಬಂದು ಕೂಡಿಕೊಂಡವು.

ಆಕಾಶದಲ್ಲಿ ಹುಟ್ಟಿದ್ದನ್ನೇ ಮೊದಲು ಹೇಳೋಣ. 1907ರಲ್ಲಿ ಫ್ರಾನ್ಸಿನ ಉತ್ತರಭಾಗದ ದುವೇ ಪಟ್ಟಣದಲ್ಲಿ ಲೂಯಿ ಮತ್ತು ಜಾಕ್ ಬ್ರೆಗೆ ಎಂಬ ಸಹೋದರರು, ಪ್ರಾಧ್ಯಾಪಕ ಶಾರ್ಲ್ ರಿಶೆಯ ಮಾರ್ಗದರ್ಶನದಲ್ಲಿ, ಉಕ್ಕಿನ ಕೊಳವೆಗಳಿಂದ ಕಟ್ಟಿದ ನಾಲ್ಕು ತೋಳುಗಳ ಒಂದು ಭೀಮಾಕಾರದ ಯಂತ್ರವನ್ನು ನಿರ್ಮಿಸಿದರು. ಈ ರಿಶೆ ವೃತ್ತಿಯಿಂದ ಶರೀರಕ್ರಿಯಾಶಾಸ್ತ್ರಜ್ಞ. ಅನ್ಯವಸ್ತುಗಳಿಗೆ ದೇಹವು ಉಗ್ರವಾಗಿ ಸಿಡಿದೇಳುವ ಸ್ಥಿತಿಯನ್ನು ಕುರಿತ ಸಂಶೋಧನೆಗಾಗಿ 1913ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದಾತ. ಒಬ್ಬನೇ ಮನುಷ್ಯನು ರೋಗಶಾಸ್ತ್ರದಲ್ಲಿಯೂ ಹಾರಾಟದಲ್ಲಿಯೂ ಕೈಯಾಡಿಸಬಹುದಾಗಿದ್ದ ಆ ಕಾಲದ ಉದಾರತೆಯನ್ನು ನೆನೆದರೆ ಇಂದಿನವರಿಗೆ ತುಸು ಅಸೂಯೆಯೇ ಆದೀತು. ಅವರ ಯಂತ್ರವು ಸುಮಾರು ಎರಡು ಅಡಿ ಮೇಲೆದ್ದಿತು, ನಿಜ. ಆದರೆ ಅದು ಮಗುಚಿ ಬೀಳದಂತೆ ನಾಲ್ಕು ತೋಳುಗಳ ಬಳಿ ನಾಲ್ವರು ಆಳುಗಳು ನಿಂತು ಹಿಡಿದುಕೊಂಡಿದ್ದರು. ಎತ್ತುವ ಬಲ ದೊರಕಿತ್ತು, ಹದ ದೊರಕಿರಲಿಲ್ಲ. ಹಾಗಿದ್ದರೂ ಆ ಯಂತ್ರದಿಂದ ಒಂದು ಶಾಶ್ವತವಾದ ವಿಧಿಯು ಉಳಿದುಬಂದಿತು. ತಿರುಗುವ ಪ್ರತಿಯೊಂದು ರೆಕ್ಕೆಯೂ ತನ್ನನ್ನು ಹೊತ್ತ ಒಡಲನ್ನು ವಿರುದ್ಧ ದಿಕ್ಕಿಗೆ ತಿರುಗಿಸಲೆಳಸುವುದರಿಂದ, ಕರ್ಣದ ಉದ್ದಕ್ಕೆ ಎದುರುಬದುರಾಗಿರುವ ಎರಡು ರೆಕ್ಕೆಗಳು ಬಲಕ್ಕೂ ಮಿಕ್ಕೆರಡು ಎಡಕ್ಕೂ ತಿರುಗತಕ್ಕದ್ದು, ಆಗಲೇ ಆ ಎಳೆತಗಳು ಪರಸ್ಪರ ರದ್ದಾಗಿ ಯಂತ್ರವು ಬುಗುರಿಯಾಗದೆ ಉಳಿಯುವುದು ಎಂಬ ನಿಯಮವನ್ನು ಬ್ರೆಗೆಯವರು ಅಂದೇ ಅನುಸರಿಸಿದ್ದರು. ಇಂದು ಡ್ರೋನನ್ನು ಜೋಡಿಸುವ ಕಾಲೇಜು ಹುಡುಗನು ಮೋಟಾರಿನ ಅಂಚಿಗೆ ಒಂದು ಚೂರು ಕಾಗದವನ್ನು ತಾಗಿಸಿ ಅದು ಯಾವ ಕಡೆಗೆ ಬಾಗುವುದೆಂದು ನೋಡುವಾಗ, ಪರೀಕ್ಷಿಸುತ್ತಿರುವುದು ದುವೇ ಪಟ್ಟಣದ ಈ ನಿಯಮವನ್ನೇ.

ತರುವಾಯದ ಕಥೆಯಲ್ಲಿ 1922ನೆಯ ಇಸವಿಯು ವಿಚಿತ್ರವಾದ ರೀತಿಯಲ್ಲಿ ಮುಖ್ಯವಾದುದು. ಆ ವರ್ಷದ ನವೆಂಬರಿನಲ್ಲಿ ಫ್ರಾನ್ಸಿನ ಎತಿಯೆನ್ ಓಮಿಶೆನ್ ಎಂಬ ಇಂಜಿನಿಯರು ನಾಲ್ಕು ದೊಡ್ಡ ರೆಕ್ಕೆಗಳೂ, ಹದವನ್ನು ಕಾಪಾಡಲೆಂದೂ ಮುನ್ನಡೆಯಲೆಂದೂ ಎಂಟು ಚಿಕ್ಕ ರೆಕ್ಕೆಗಳೂ ಇದ್ದ ಯಂತ್ರವೊಂದನ್ನು ಹಾರಿಸಿದನು. 1924ರ ಮೇ ತಿಂಗಳಿನಲ್ಲಿ ಅದೇ ಯಂತ್ರವು ಒಂದು ಕಿಲೋಮೀಟರಿನ ಸುತ್ತನ್ನು 7 ನಿಮಿಷ 40 ಸೆಕೆಂಡುಗಳಲ್ಲಿ ಪೂರೈಸಿತು. 1922ರ ಡಿಸೆಂಬರ್ 18ರಂದು ಅಮೆರಿಕದ ಡೇಟನ್ ನಗರದ ಮೆಕ್‌ಕುಕ್ ಮೈದಾನದಲ್ಲಿ, ರಷ್ಯದಿಂದ ವಲಸೆ ಬಂದಿದ್ದ ಜಾರ್ಜ್ ದ ಬೊಥೆಜಾಟನು ಅಮೆರಿಕದ ಸೇನೆಗಾಗಿ ಕಟ್ಟಿದ ನಾಲ್ಕು ರೆಕ್ಕೆಯ ಯಂತ್ರವು 1 ನಿಮಿಷ 42 ಸೆಕೆಂಡುಗಳ ಕಾಲ ಆಳೆತ್ತರದಲ್ಲಿ ತೇಲಿತು. ಎರಡೂ ಯಂತ್ರಗಳಲ್ಲಿ ಇದ್ದುದು ಒಂದೊಂದೇ ಎಂಜಿನ್ನು. ಎಲ್ಲ ರೆಕ್ಕೆಗಳಿಗೂ ಅದರಿಂದಲೇ ಚಲನೆ ಹಂಚಿಕೆಯಾಗಬೇಕಾದುದರಿಂದ, ಒಂದು ಮಗ್ಗುಲನ್ನು ಎತ್ತಬೇಕಾದರೆ ರೆಕ್ಕೆಯ ವೇಗವನ್ನು ಬದಲಿಸುವ ಅನುಕೂಲವಿರಲಿಲ್ಲ; ರೆಕ್ಕೆಗಳ ಓರೆಯನ್ನು ಸರಳು ಸಂಕೋಲೆಗಳ ಮೂಲಕ ತಿರುಚಬೇಕಾಗಿದ್ದಿತು, ಇಲ್ಲವೆ ಬೇರೆಯೇ ಚಿಕ್ಕ ರೆಕ್ಕೆಗಳನ್ನಿಟ್ಟು ತೋಳನ್ನು ನೂಕಬೇಕಾಗಿದ್ದಿತು. ಗಾಳಿ ಒಮ್ಮೆ ಬೀಸಿದರೆ ಹಾರಿಸುವಾತನು ಕೈಕಾಲುಗಳೆರಡರಿಂದಲೂ ನಾಲ್ಕು ಮೂಲೆಗಳ ಲೆಕ್ಕವನ್ನು ಕ್ಷಣಕ್ಷಣವೂ ಸರಿದೂಗಿಸುತ್ತಿರಬೇಕು. ನೂರಕ್ಕೂ ಹೆಚ್ಚು ಸಲ ಮೇಲೆದ್ದಿದ್ದ ಬೊಥೆಜಾಟನ ಯಂತ್ರವನ್ನು ಸೇನೆಯು 1924ರಲ್ಲಿ ಕೈಬಿಟ್ಟಿತು. ನನ್ನ ಅಭಿಪ್ರಾಯದಲ್ಲಿ ಆ ಯಂತ್ರಗಳ ಸೋಲು ರೆಕ್ಕೆಯ ಸೋಲೂ ಅಲ್ಲ, ಎಂಜಿನ್ನಿನ ಸೋಲೂ ಅಲ್ಲ. ಮಾನವನ ನರಮಂಡಲವು ತನ್ನಿಂದ ಆಗದ ವೇಗದಲ್ಲಿ ಕೆಲಸ ಮಾಡಬೇಕೆಂದು ನಿರೀಕ್ಷಿಸಿದುದರ ಸೋಲು.

ಆ ನರಮಂಡಲದ ಕೆಲಸವನ್ನು ಗಣಿತದ ಭಾಷೆಗೆ ಇಳಿಸಿದ ಲೇಖನವೊಂದು ಪ್ರಕಟವಾದದ್ದೂ ಅದೇ 1922ರಲ್ಲಿಯೇ. ಅದನ್ನು ಬರೆದ ನಿಕೊಲಸ್ ಮಿನೋರ್ಸ್ಕಿಯೂ ಬೊಥೆಜಾಟನಂತೆ ರಷ್ಯದಿಂದ ಅಮೆರಿಕಕ್ಕೆ ಬಂದವನು; ಆದರೆ ಅವನ ಲಕ್ಷ್ಯವಿದ್ದುದು ಹಡಗುಗಳ ಮೇಲೆ. ನುರಿತ ಚುಕ್ಕಾಣಿಗನೊಬ್ಬನು ಹಡಗನ್ನು ನೇರಕ್ಕೆ ನಡೆಸುವಾಗ ಮಾಡುವುದೇನು? ಹಡಗು ಈಗ ಎಷ್ಟು ಓರೆಯಾಗಿದೆಯೆಂಬುದನ್ನಷ್ಟೇ ನೋಡಿ ಚಕ್ರವನ್ನು ತಿರುಗಿಸುವವನು ಅರೆಕಲಿತ ಚುಕ್ಕಾಣಿಗ. ಆ ಓರೆಯು ಎಷ್ಟು ಶೀಘ್ರವಾಗಿ ಹೆಚ್ಚುತ್ತಿದೆ ಇಲ್ಲವೆ ಕಡಮೆಯಾಗುತ್ತಿದೆಯೆಂಬುದನ್ನು ಮುಂದಾಗಿ ಗ್ರಹಿಸಿ ಕೈಯನ್ನು ಹಿಂದೆಗೆಯಬಲ್ಲವನೂ, ಗಾಳಿಯೋ ಪ್ರವಾಹವೋ ಬಹಳ ಹೊತ್ತಿನಿಂದ ಒಂದೇ ಕಡೆಗೆ ತಳ್ಳುತ್ತಿದ್ದರೆ ಆ ಹಿಂದಿನ ಓರೆಗಳೆಲ್ಲವನ್ನೂ ನೆನಪಿನಲ್ಲಿಟ್ಟುಕೊಂಡು ಚುಕ್ಕಾಣಿಯನ್ನು ಸ್ವಲ್ಪ ಎದುರಿಗೇ ಹಿಡಿದಿರಬಲ್ಲವನೂ ನುರಿತವನು. ವರ್ತಮಾನದ ತಪ್ಪು, ಭೂತದ ತಪ್ಪುಗಳ ಮೊತ್ತ, ಭವಿಷ್ಯದ ತಪ್ಪಿನ ಸೂಚನೆ ಎಂಬ ಈ ಮೂರನ್ನು ಕೂಡಿಸಿದರೆ ಯಂತ್ರವೂ ನುರಿತ ಚುಕ್ಕಾಣಿಗನಾಗಬಹುದೆಂದು ಮಿನೋರ್ಸ್ಕಿ ತೋರಿಸಿದನು. 1923ರಲ್ಲಿ ನ್ಯೂ ಮೆಕ್ಸಿಕೋ ಎಂಬ ಯುದ್ಧನೌಕೆಯ ಮೇಲೆ ಅದರ ಪರೀಕ್ಷೆಯೂ ನಡೆಯಿತು. ಪರೀಕ್ಷೆಯು ಫಲಕಾರಿಯಾದರೂ ನೌಕಾಪಡೆಯವರು ಅದನ್ನು ಸ್ವೀಕರಿಸಲಿಲ್ಲ. ಹಡಗಿನ ಮೇಲಿನ ಸಿಬ್ಬಂದಿಗೆ ಅದು ರುಚಿಸಲಿಲ್ಲ. ಡೇಟನ್ನಿನ ಬಯಲಿನಲ್ಲಿ ನಾಲ್ಕು ರೆಕ್ಕೆಯ ಯಂತ್ರವು ಯಾವುದರ ಅಭಾವದಿಂದ ತತ್ತರಿಸುತ್ತಿದ್ದಿತೋ ಅದು ಅದೇ ದೇಶದ ಒಂದು ಹಡಗಿನ ಮೇಲೆ ಸಿದ್ಧವಾಗಿದ್ದಿತು. ಅವೆರಡೂ ಒಂದೇ ಫಲಕದ ಮೇಲೆ ಸಂಧಿಸಬೇಕಾದರೆ ಹಲವು ದಶಕಗಳು ಕಳೆಯಬೇಕಾಯಿತು.

ಇಂದು ಕ್ರಮವಾಗಿ ಪಿ, ಐ, ಡಿ ಎನ್ನಿಸಿಕೊಳ್ಳುವ ಆ ಮೂರು ಅಂಶಗಳು ಸಿಕ್ಕಿದವು, ಸರಿ, ಯಾವುದು ಎಷ್ಟಿರಬೇಕು? ಇದಕ್ಕೆ ಉತ್ತರವು ಬಂದದ್ದು ಹಡಗಿನಿಂದಲೂ ಅಲ್ಲ, ವಿಮಾನದಿಂದಲೂ ಅಲ್ಲ, ಉಷ್ಣಮಾಪಕಗಳನ್ನೂ ಒತ್ತಡ ನಿಯಂತ್ರಕಗಳನ್ನೂ ತಯಾರಿಸುತ್ತಿದ್ದ ಒಂದು ಕಾರ್ಖಾನೆಯಿಂದ. ಅಮೆರಿಕದ ರಾಚೆಸ್ಟರಿನ ಟೇಲರ್ ಇನ್‌ಸ್ಟ್ರುಮೆಂಟ್ ಕಂಪನಿಯಲ್ಲಿದ್ದ ಜಾನ್ ಜೀಗ್ಲರ್, ನಥಾನಿಯಲ್ ನಿಕೋಲ್ಸ್ ಎಂಬಿಬ್ಬರು 1942ರಲ್ಲಿ ಪ್ರಕಟಿಸಿದ ವಿಧಾನವು ಅಡುಗೆಯ ಪಾಕಸೂತ್ರದಷ್ಟು ಸರಳವಾದುದು. ಐ ಮತ್ತು ಡಿಗಳನ್ನು ಸೊನ್ನೆಯಲ್ಲಿಟ್ಟು ಪಿಯೊಂದನ್ನೇ ಮೆಲ್ಲಮೆಲ್ಲನೆ ಏರಿಸುತ್ತ ಹೋಗು. ಒಂದು ಹಂತದಲ್ಲಿ ಇಡೀ ವ್ಯವಸ್ಥೆಯು ಕುಗ್ಗದೆ ಹಿಗ್ಗದೆ ಒಂದೇ ಸಮನಾಗಿ ತೂಗಾಡಲಾರಂಭಿಸುವುದು. ಆಗಿನ ಪಿಯ ಬೆಲೆಯನ್ನೂ ಒಂದು ತೂಗಾಟಕ್ಕೆ ತಗಲುವ ಕಾಲವನ್ನೂ ಬರೆದುಕೋ. ಪಿಯನ್ನು ಅದರ 0.6ರಷ್ಟಕ್ಕೆ ಇಳಿಸು, ಐಯ ಕಾಲವನ್ನು ತೂಗಾಟದ ಕಾಲದ ಅರ್ಧಕ್ಕೂ ಡಿಯ ಕಾಲವನ್ನು ಎಂಟರಲ್ಲೊಂದಂಶಕ್ಕೂ ಇಡು. ಯಂತ್ರದ ಗುಣವನ್ನು ಪೂರ್ತಿ ಅರಿಯದೆಯೇ, ಅದು ಸಹನೆಗೆಡುವ ಅಂಚಿನವರೆಗೆ ಒಯ್ದು ಅಲ್ಲಿಂದ ಹಿಂದೆಗೆಯುವ ಈ ಕ್ರಮದಲ್ಲಿ ಕಾರ್ಖಾನೆಯ ಮೇಸ್ತ್ರಿಯ ವಿವೇಕವಿದೆ. ಅವರು ಕಂಡ ತೂಗಾಟಗಳು ನಿಧಾನದವು. ಡ್ರೋನಿನಲ್ಲಿ ಅವು ಕಣ್ಣಿಗೆ ನಿಲುಕದಷ್ಟು ಶೀಘ್ರ. ಆದರೂ ಪಿಯನ್ನು ನಡುಕ ಬರುವವರೆಗೆ ಏರಿಸಿ ಅನಂತರ ತಗ್ಗಿಸುವ ಪದ್ಧತಿಯು ಹವ್ಯಾಸಿಗಳ ಬಾಯಿಂದ ಬಾಯಿಗೆ ಹರಿದು, ಮೂಲಪುರುಷರ ಹೆಸರನ್ನು ಬಹುಮಟ್ಟಿಗೆ ಕಳೆದುಕೊಂಡು, ಇಂದಿಗೂ ಬಾಳುತ್ತಿದೆ.

ನಡುವಿನ ದಶಕಗಳನ್ನು ಬೇಗ ದಾಟಬಹುದು. 1956ರಲ್ಲಿ ಕನ್ವರ್ಟವಿಂಗ್ಸ್ ಎಂಬ ಅಮೆರಿಕನ್ ಸಂಸ್ಥೆಯ ನಾಲ್ಕು ರೆಕ್ಕೆಯ ಯಂತ್ರವು ಚೆನ್ನಾಗಿಯೇ ಹಾರಿತು, ಕೊಳ್ಳುವವರು ಬರಲಿಲ್ಲ. ಒಂದು ದೊಡ್ಡ ರೆಕ್ಕೆಯೂ ಬಾಲದಲ್ಲೊಂದು ಚಿಕ್ಕ ರೆಕ್ಕೆಯೂ ಇರುವ ಹೆಲಿಕಾಪ್ಟರೇ ಲೋಕವನ್ನು ಗೆದ್ದಿತ್ತು.

ಸ್ಥಿತಿಯನ್ನು ಬದಲಿಸಿದುದು ಆಟಿಕೆ. ತನ್ನ ತಿರುಗುವಿಕೆಯನ್ನು ತಾನೇ ಅರಿಯಬಲ್ಲ ಗೈರೋ ಎಂಬ ಉಪಕರಣವು ಹಿಂದೆ ಹಿತ್ತಾಳೆಯ ಚಕ್ರಗಳುಳ್ಳ ಭಾರವಾದ ವಸ್ತುವಾಗಿದ್ದಿತು. ಕಂಪಿಸುತ್ತಿರುವ ವಸ್ತುವೊಂದನ್ನು ತಿರುಗಿಸಿದಾಗ ಅದು ಪಕ್ಕಕ್ಕೆ ಸರಿಯುವುದೆಂಬ ತತ್ತ್ವವನ್ನು ಆಧರಿಸಿ, ಸಿಲಿಕಾನಿನ ಮೇಲೆ ಕೂದಲೆಳೆಗಿಂತಲೂ ನವುರಾದ ಕಂಪನಾಂಗಗಳನ್ನು ಕೆತ್ತುವ ವಿದ್ಯೆ ಕೈಗೂಡಿದ ಮೇಲೆ, ಗೈರೋ ಎಂಬುದು ಉಗುರಿನ ಗಾತ್ರಕ್ಕೂ ಕೆಲವೇ ನೂರು ರೂಪಾಯಿಗಳ ಬೆಲೆಗೂ ಇಳಿಯಿತು. 2009ರಲ್ಲಿ ನಿಂಟೆಂಡೋ ಕಂಪನಿಯು ತನ್ನ ವೀ ಎಂಬ ವಿಡಿಯೋ ಆಟದ ಯಂತ್ರಕ್ಕೆ ಕೈಯ ತಿರುವನ್ನು ಅರಿಯುವ ಮೋಷನ್ ಪ್ಲಸ್ ಎಂಬ ಜೋಡಣೆಯನ್ನು ಮಾರಲಾರಂಭಿಸಿತು. ಮರುವರ್ಷ ಫ್ರಾನ್ಸಿನ ಹವ್ಯಾಸಿ ಅಲೆಕ್ಸಾಂಡ್ರ್ ದ್ಯುಬು ಆ ಆಟಿಕೆಯನ್ನು ಬಿಚ್ಚಿ, ಒಳಗಿನ ಗೈರೋವನ್ನು ಆರ್ಡುಯಿನೋ ಎಂಬ ಅಗ್ಗದ ಫಲಕಕ್ಕೆ ಬೆಸುಗೆ ಹಾಕಿ, ಮಲ್ಟಿವೀ ಎಂಬ ತಂತ್ರಾಂಶವನ್ನು ಬರೆದು ಎಲ್ಲರಿಗೂ ಧಾರಾಳವಾಗಿ ಬಿಟ್ಟುಕೊಟ್ಟನು. ಬ್ರೆಗೆ ಸಹೋದರರ ತೋಳುಗಳನ್ನು ಹಿಡಿದಿದ್ದ ನಾಲ್ವರು ಆಳುಗಳಿಗೆ ಕೊನೆಗೂ ಬಿಡುವು ದೊರೆಯಿತು. ತಮ್ಮ ವೇಗವನ್ನು ಪ್ರತ್ಯೇಕವಾಗಿ, ಸೆಕೆಂಡಿಗೆ ನೂರಾರು ಸಲ ಬದಲಿಸಬಲ್ಲ ವಿದ್ಯುನ್ಮೋಟಾರುಗಳೂ ಲಿಥಿಯಂ ಬ್ಯಾಟರಿಗಳೂ ಆ ಹೊತ್ತಿಗೆ ಸಿದ್ಧವಾಗಿದ್ದವು; ಜರ್ಮನಿಯ ಮಿಕ್ರೋಕಾಪ್ಟರ್ ಬಳಗದವರು ಅದಕ್ಕೂ ಕೆಲವು ವರ್ಷ ಮುಂಚೆಯೇ ದಾರಿ ತೋರಿಸಿದ್ದರು. ಮಲ್ಟಿವೀಯ ವಂಶದಲ್ಲಿಯೇ ಬೇಸ್‌ಫ್ಲೈಟ್, ಅದರಿಂದ 2014ರಲ್ಲಿ ಕ್ಲೀನ್‌ಫ್ಲೈಟ್, ಅದರಿಂದ ಬೀಟಾಫ್ಲೈಟ್ ಹುಟ್ಟಿದವು. ಬೇರೊಂದು ವಂಶವಾದ ಆರ್ಡುಪೈಲಟ್ ದೂರದ, ಭಾರದ, ಸ್ವಯಂಚಾಲಿತ ಹಾರಾಟಗಳನ್ನು ತನ್ನದಾಗಿಸಿಕೊಂಡಿತು.

ಆ ಆದಿಕಾಲದ ಹದಗಾರಿಕೆಯ ಸೊಗಸು ಇಂದಿನವರಿಗೆ ಗೊತ್ತಿಲ್ಲ. ನಾರ್ವೆಯ ರೋಲ್ಫ್ ಬಕ್ಕೆ ರೂಪಿಸಿದ ಕೆಕೆ ಎಂಬ ಫಲಕದ ಮೇಲೆ ಮೂರು ಪುಟ್ಟ ತಿರುಗಣೆಗಳಿದ್ದವು, ವಾಲುವಿಕೆಗೊಂದು, ಮುಗ್ಗರಿಕೆಗೊಂದು, ತಿರುವಿಗೊಂದು. ಗಡಿಯಾರ ರಿಪೇರಿಯವರ ಸ್ಕ್ರೂಡ್ರೈವರಿನಿಂದ ಅವನ್ನು ಕೂದಲೆಳೆಯಷ್ಟು ತಿರುಗಿಸಿ, ಹಾರಿಸಿ, ನಡುಗಿದರೆ ಇಳಿಸಿ, ಮತ್ತೆ ತಿರುಗಿಸುವುದೇ ಕೆಲಸ. ಮೋಟಾರುಗಳ ವೇಗವನ್ನು ಏರಿಸಿ ಇಳಿಸುವ ಥ್ರಾಟಲಿನ ಕಡ್ಡಿಯನ್ನು ಪೂರ್ತಿ ಕೆಳಗಿಟ್ಟು ಬಲಕ್ಕೆ ಒತ್ತಿದರೆ ಯಂತ್ರವು ಸಜ್ಜಾಗುವ ಸಂಪ್ರದಾಯವು ಬಳಕೆಗೆ ಬಂದದ್ದೂ ಈ ಪೀಳಿಗೆಯ ಫಲಕಗಳಿಂದಲೇ. ಮೋಟಾರುಗಳಿಗೆ ವಿದ್ಯುತ್ತನ್ನು ಅಳೆದು ಕೊಡುವ ಇ.ಎಸ್.ಸಿ.ಗಳಿಗೆ ಥ್ರಾಟಲಿನ ತುದಿಗಳನ್ನು ಕಲಿಸಿಕೊಡುವ ವಿಧಿಯೊಂದು ಆಗ ಕಡ್ಡಾಯವಾಗಿದ್ದಿತು: ಕಡ್ಡಿಯನ್ನು ಮೇಲ್ತುದಿಯಲ್ಲಿಟ್ಟು ಬ್ಯಾಟರಿಯನ್ನು ಸೇರಿಸುವುದು, ಮೋಟಾರಿನ ಸುರುಳಿಗಳೇ ಪೀಪಿಯಂತೆ ದನಿಗೈದಾಗ ಕೆಳತುದಿಗೆ ತರುವುದು. ಕಡ್ಡಿಯ ಸ್ಥಾನವನ್ನು 1000ದಿಂದ 2000 ಮೈಕ್ರೋಸೆಕೆಂಡುಗಳ ಮಿಡಿತವಾಗಿ ಕಳುಹಿಸುತ್ತಿದ್ದ ಕಾಲದಲ್ಲಿ ಆ ಮಿಡಿತವನ್ನು ಒಂದೊಂದು ಇ.ಎಸ್.ಸಿ.ಯೂ ಒಂದೊಂದು ಬಗೆಯಾಗಿ ಅಳೆಯುತ್ತಿದ್ದುದೇ ಅದಕ್ಕೆ ಕಾರಣ. ಡಿಶಾಟ್ ಎಂಬ ಅಂಕಿಗಳ ಭಾಷೆಯು ಬಂದ ಮೇಲೆ ಅಳೆಯುವುದೇ ತಪ್ಪಿ, ಅದನ್ನು ಬಳಸುವ ಯಂತ್ರಗಳಲ್ಲಿ ಆ ವಿಧಿಯು ಸದ್ದಿಲ್ಲದೆ ಸತ್ತಿತು. ವಿಧಿಗಳೂ ಹೀಗೆ ಕಾರಣವು ತೀರಿದೊಡನೆ ಸಾಯುವುದುಂಟು. ನಮ್ಮ ಇತರ ಆಚಾರಗಳಿಗೂ ಈ ಸೌಜನ್ಯವಿದ್ದಿದ್ದರೆ ಲೇಸಾಗುತ್ತಿತ್ತು.

ಬಲ್ಬಿನ ವಿಚಾರವು ನಮಗೆ ಹತ್ತಿರದ್ದು. ಹೊಸದಾಗಿ ಬೆಸುಗೆ ಹಾಕಿದ ಯಂತ್ರದಲ್ಲಿ ಎಲ್ಲಾದರೂ ಎರಡು ತಂತಿಗಳು ಕೂಡಿಕೊಂಡಿದ್ದರೆ, ಲಿಥಿಯಂ ಬ್ಯಾಟರಿಯು ಸುರಿಸುವ ಪ್ರವಾಹಕ್ಕೆ ಫಲಕವು ಕಣ್ಣು ಮಿಟುಕಿಸುವಷ್ಟರಲ್ಲಿ ಹೊಗೆಯಾಗುವುದು. ಆದುದರಿಂದ ಕಾರಿನ ದೀಪದ ಬಲ್ಬೊಂದನ್ನು ಸಾಲಿನಲ್ಲಿ ಸೇರಿಸುವರು. ದೋಷವಿದ್ದರೆ ಬಲ್ಬು ಝಗ್ಗನೆ ಬೆಳಗಿ ಪ್ರವಾಹವನ್ನು ತಾನೇ ತಡೆಯುವುದು, ಇಲ್ಲದಿದ್ದರೆ ಕ್ಷಣಕಾಲ ಮಿನುಗಿ ಆರುವುದು. ನಮ್ಮ ಊರುಗಳಲ್ಲಿ ವಾಲ್ವ್ ರೇಡಿಯೋಗಳನ್ನು ದುರಸ್ತಿ ಮಾಡುತ್ತಿದ್ದವರು ಗೋಡೆಗೆ ಜಡಿದ ಹಲಗೆಯ ಮೇಲೆ ಇಟ್ಟುಕೊಂಡಿರುತ್ತಿದ್ದ ಸೀರೀಸ್ ಬಲ್ಬಿನ ತತ್ತ್ವವೇ ಇದು.

ದಿಕ್ಸೂಚಿಯ ವಿಧಿಯಂತೂ ಇವೆಲ್ಲಕ್ಕಿಂತ ಪ್ರಾಚೀನವಾದುದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಆಸ್ಟ್ರೇಲಿಯದ ಕರಾವಳಿಯನ್ನು ಅಳೆದ ಮ್ಯಾಥ್ಯೂ ಫ್ಲಿಂಡರ್ಸನು, ಹಡಗು ಮುಖ ತಿರುಗಿಸಿದಂತೆಲ್ಲ ದಿಕ್ಸೂಚಿಯ ತಪ್ಪೂ ಬದಲಾಗುವುದನ್ನು ಕಂಡು, ಅದು ಹಡಗಿನೊಳಗಿನ ಕಬ್ಬಿಣದ ಪ್ರಭಾವವೆಂದು ತಿಳಿದನು. 1838ರಲ್ಲಿ ಇಂಗ್ಲೆಂಡಿನ ರಾಜ ಖಗೋಳಜ್ಞ ಜಾರ್ಜ್ ಏರಿಯು ರೇನ್‌ಬೋ ಎಂಬ ಕಬ್ಬಿಣದ ಹಡಗನ್ನು ಒಂದೊಂದೇ ದಿಕ್ಕಿಗೆ ತಿರುಗಿಸಿ, ತಪ್ಪನ್ನು ಅಳೆದು, ದಿಕ್ಸೂಚಿಯ ಬಳಿ ಅಯಸ್ಕಾಂತಗಳನ್ನಿಟ್ಟು ಸರಿಪಡಿಸಿದನು. ಡ್ರೋನನ್ನು ಎರಡು ಕೈಗಳಲ್ಲಿ ಹಿಡಿದು ಅತ್ತಿತ್ತ ಹೊರಳಿಸುತ್ತ ಬಯಲಿನಲ್ಲಿ ಸುತ್ತುವವನು ಮಾಡುವುದು ಇದನ್ನೇ. ಅಯಸ್ಕಾಂತಗಳ ಸ್ಥಾನದಲ್ಲಿ ಅಂಕಿಗಳು ನಿಂತಿವೆ, ಅಷ್ಟೆ. ಕಬ್ಬಿಣದ ಸರಳುಗಳುಳ್ಳ ಮನೆಯ ತಾರಸಿಯ ಮೇಲಾಗಲಿ, ನಿಲ್ಲಿಸಿದ ಸ್ಕೂಟರಿನ ಪಕ್ಕದಲ್ಲಾಗಲಿ ಇದನ್ನು ಮಾಡಲಾಗದು. ಮೋಟಾರಿನ ತಂತಿಗಳಲ್ಲಿ ಹರಿಯುವ ಪ್ರವಾಹವೂ ಅಯಸ್ಕಾಂತದಂತೆ ವರ್ತಿಸುವುದರಿಂದಲೇ ದೊಡ್ಡ ಡ್ರೋನುಗಳಲ್ಲಿ ದಿಕ್ಸೂಚಿಯನ್ನು ಒಂದು ಕಂಬದ ಮೇಲೆ ದೂರವಾಗಿ ಕೂರಿಸಿರುವುದು.

ಇನ್ನು ಹದದ ಮಾತು. ಮೊದಲ ಸಲ ಜೋಡಿಸಿದವನು ರೆಕ್ಕೆಗಳಿಲ್ಲದೆ ಮೇಜಿನ ಮೇಲೆ ಥ್ರಾಟಲನ್ನು ಸ್ವಲ್ಪ ಏರಿಸಿದಾಗ, ಅವನು ಮುಟ್ಟದಿದ್ದರೂ ಮೋಟಾರುಗಳು ಒಂದೊಂದಾಗಿ ತಮ್ಮಷ್ಟಕ್ಕೆ ವೇಗ ಹೆಚ್ಚಿಸಿಕೊಳ್ಳುತ್ತ ಹೋಗುವುದನ್ನು ಕಂಡು ಬೆಚ್ಚುವುದು ವಾಡಿಕೆ. ದೋಷವೇನೂ ಇಲ್ಲ. ಮಿನೋರ್ಸ್ಕಿಯ ಚುಕ್ಕಾಣಿಗನು ಭೂತದ ತಪ್ಪುಗಳನ್ನು ಕೂಡಿಡುವವನಲ್ಲವೆ? ಇಲ್ಲಿ ರೆಕ್ಕೆಯಿಲ್ಲದ್ದರಿಂದ ಎಷ್ಟು ತಿದ್ದಿದರೂ ಯಂತ್ರವು ಕದಲುವುದಿಲ್ಲ, ತಪ್ಪು ಅಳಿಯುವುದಿಲ್ಲ. ಐ ಎಂಬ ಅಂಶವು ಸಂಚಯವನ್ನು ಬೆಳೆಸುತ್ತ ಹೋಗುವುದು. ಈ ಒಂದು ದೃಶ್ಯದಲ್ಲಿ ಐಯ ಸ್ವಭಾವವು ತಿಳಿಯುವಷ್ಟು ಚೆನ್ನಾಗಿ ಯಾವ ಪಾಠದಿಂದಲೂ ತಿಳಿಯದೆಂದು ನನ್ನ ಎಣಿಕೆ. ಪಿ ಹೆಚ್ಚಾದರೆ ಯಂತ್ರವು ಗಾಳಿಯಲ್ಲಿ ಗದಗದನೆ ನಡುಗುವುದು. ಕಡಮೆಯಾದರೆ ಮಾತು ಕೇಳದ ಆಲಸಿಯಾಗುವುದು. ಡಿಯು ಆ ನಡುಕವನ್ನು ತಡೆಯುವುದಾದರೂ, ಭವಿಷ್ಯವನ್ನು ಊಹಿಸುವವರೆಲ್ಲರಂತೆ ಸಣ್ಣ ಸದ್ದಿಗೂ ಬೆದರುವ ಗುಣ ಅದಕ್ಕಿದೆ. ಮೋಟಾರಿನ ಕಂಪನವನ್ನೇ ಓರೆಯೆಂದು ಭ್ರಮಿಸಿ ಪ್ರತಿಕ್ರಿಯಿಸುತ್ತ ಮೋಟಾರುಗಳನ್ನು ಕಾಯಿಸಿಬಿಡುವುದು. ಆದ್ದರಿಂದಲೇ ಮೊದಲ ಹಾರಾಟವು ಅರ್ಧ ನಿಮಿಷಕ್ಕೆ ಮುಗಿಯತಕ್ಕದ್ದು, ಇಳಿಸಿದೊಡನೆ ನಾಲ್ಕು ಮೋಟಾರುಗಳನ್ನೂ ಬೆರಳಿನಿಂದ ಮುಟ್ಟಿ ನೋಡತಕ್ಕದ್ದು ಎಂಬ ರೂಢಿ. 2019ರಲ್ಲಿ ಬೀಟಾಫ್ಲೈಟು, ಪ್ರತಿ ಮೋಟಾರಿನ ವೇಗವನ್ನು ಮೋಟಾರಿನಿಂದಲೇ ಕೇಳಿ ತಿಳಿದು ಆ ವೇಗದ ಕಂಪನವನ್ನು ಮಾತ್ರ ಸೋಸಿ ತೆಗೆಯುವ ಉಪಾಯವನ್ನು ತಂದ ಮೇಲೆ ಡಿಯ ಈ ಬೆದರುವಿಕೆ ಬಹಳ ಕಡಮೆಯಾಗಿದೆ.

ಮೋಟಾರುಗಳ ಕ್ರಮಸಂಖ್ಯೆಯಲ್ಲಿ ಮಾತ್ರ ಎರಡು ಮತಗಳು ಇಂದಿಗೂ ಒಂದಾಗಿಲ್ಲ. ಬೀಟಾಫ್ಲೈಟಿನವರಿಗೆ ಹಿಂಬದಿಯ ಬಲಮೂಲೆಯದು ಒಂದನೆಯ ಮೋಟಾರು, ಆರ್ಡುಪೈಲಟಿನವರಿಗೆ ಮುಂಬದಿಯ ಬಲಮೂಲೆಯದು. ಒಂದರ ಅಭ್ಯಾಸದಲ್ಲಿ ಇನ್ನೊಂದಕ್ಕೆ ತಂತಿ ಜೋಡಿಸಿದ ಯಂತ್ರವು ಏಳುವ ಕ್ಷಣದಲ್ಲಿಯೇ ಮಗುಚಿಕೊಳ್ಳುವುದು. ರೆಕ್ಕೆಗಳನ್ನು ಎಲ್ಲಕ್ಕಿಂತ ಕಡೆಯಲ್ಲಿ ಹಾಕಬೇಕೆಂಬ ನಿಯಮವು ಕಟ್ಟುನಿಟ್ಟಾಗಲು ಬೆರಳುಗಳ ಗಾಯಗಳ ಜೊತೆಗೆ ಇದೂ ಒಂದು ಕಾರಣ.

ನಮ್ಮ ದೇಶದಲ್ಲಿ ಈ ಆಚಾರವು ಬೆಳೆದ ಬಗೆ ಸ್ವಲ್ಪ ಬೇರೆ. 2014ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನಾಗರಿಕರು ಡ್ರೋನ್ ಹಾರಿಸಬಾರದೆಂದು ಪ್ರಕಟಣೆ ಹೊರಡಿಸಿತು. 2018ರ ಡಿಸೆಂಬರಿನಿಂದ ಕಟ್ಟಳೆಗಳೊಂದಿಗೆ ಅನುಮತಿ ದೊರೆಯಿತು. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳು ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿದವು. ಆ ವರ್ಷದ ಜೂನಿನಲ್ಲಿಯೇ ಗೌರಿಬಿದನೂರಿನ ಬಳಿ ಔಷಧಿಗಳನ್ನು ಕಣ್ಣಳತೆಯಾಚೆಗೆ ಡ್ರೋನಿನಿಂದ ಸಾಗಿಸುವ ಪ್ರಯೋಗ ನಡೆದಿತ್ತು. 2022ರ ಫೆಬ್ರವರಿಯಲ್ಲಿ ಸಿದ್ಧ ಡ್ರೋನುಗಳ ಆಮದನ್ನು ಸರಕಾರವು ಸಾಮಾನ್ಯವಾಗಿ ನಿಷೇಧಿಸಿ, ಬಿಡಿಭಾಗಗಳ ಆಮದನ್ನು ಮುಕ್ತವಾಗಿಟ್ಟುದರಿಂದ, ಜೋಡಿಸುವ ಮತ್ತು ಹದಗೊಳಿಸುವ ವಿದ್ಯೆಗೆ ಇಲ್ಲಿ ಹವ್ಯಾಸದ ಆಚೆಗೂ ಬೆಲೆ ಬಂದಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೊದಲು ರೇಡಿಯೋ ಬಿಡಿಭಾಗಗಳಿಗಾಗಿ ಅಲೆದ ತಲೆಮಾರೊಂದಿದ್ದರೆ, ಈಗ ಮೋಟಾರು, ಇ.ಎಸ್.ಸಿ.ಗಳನ್ನು ವಿಚಾರಿಸುವವರು ಅಲ್ಲಿ ಕಾಣಸಿಗುತ್ತಾರೆ.

ಸಿದ್ಧ ಅಂಕಿಗಳ ಗಂಟುಗಳು ಇಂದು ತಂತ್ರಾಂಶದೊಳಗೇ ದೊರೆಯುವುದರಿಂದ, ಐದಂಗುಲದ ರೆಕ್ಕೆಯ ಸಾಮಾನ್ಯ ಡ್ರೋನಿಗೆ ಯಾವ ಹದಗಾರಿಕೆಯೂ ಬೇಡವೆಂದು ಹೇಳುವವರಿದ್ದಾರೆ. ಅವರ ಮಾತು ಬಹುಪಾಲು ನಿಜ. ಔಷಧ ಸಿಂಪಡಿಸುವ, ಹತ್ತಾರು ಕಿಲೋ ನೀರನ್ನು ಹೊತ್ತು ಕ್ಷಣಕ್ಷಣಕ್ಕೂ ಹಗುರವಾಗುತ್ತ ಹೋಗುವ, ತೊಟ್ಟಿಯೊಳಗಿನ ನೀರು ತುಳುಕಿದಂತೆ ತೂಕದ ಕೇಂದ್ರವೂ ತುಳುಕುವ ಯಂತ್ರಕ್ಕೆ ಅವರ ಮಾತು ಸಲ್ಲದು. ಆರ್ಡುಪೈಲಟಿನಲ್ಲಿ ಆಟೋಟ್ಯೂನ್ ಎಂಬ ಕ್ರಮವೂ ಇದೆ; ಅದನ್ನು ಒತ್ತಿದರೆ ಯಂತ್ರವು ಗಾಳಿಯಲ್ಲಿ ನಿಂತು ತನ್ನನ್ನು ತಾನೇ ಒಂದೊಂದು ಮಗ್ಗುಲಿಗೆ ಜರ್ಕನೆ ಎಳೆದು, ಪ್ರತಿಕ್ರಿಯೆಯನ್ನು ಅಳೆದು, ಅಂಕಿಗಳನ್ನು ತಾನೇ ಬರೆದುಕೊಳ್ಳುವುದು. ಆದರೆ ಆಟೋಟ್ಯೂನಿಗೆ ಗಾಳಿಯಿಲ್ಲದ ಹೊತ್ತೂ ವಿಶಾಲವಾದ ಬಯಲೂ ಬೇಕು. ಅದನ್ನು ಆರಂಭಿಸುವುದಕ್ಕೆ ಮೊದಲೇ ಯಂತ್ರವು ತಕ್ಕಮಟ್ಟಿಗೆ ನೆಟ್ಟಗೆ ಹಾರುತ್ತಿರಲೂ ಬೇಕು. ಆ ತಕ್ಕಮಟ್ಟಿನ ಹದವನ್ನು ಮೇಜಿನ ಬಳಿಯೂ ಅರ್ಧ ನಿಮಿಷದ ಮೊದಲ ಏರಿಕೆಗಳಲ್ಲಿಯೂ ಕೊಡತಕ್ಕವನು ಜೋಡಿಸಿದಾತನೇ.